ಭಾರ ಹೊರುವ ಗೋಡೆಯಲ್ಲಿ ಗೂಡು: ಮೊದಲು ಲಿಂಟಲ್, ಆಮೇಲೆ ಕೊರೆತ

ಗೋಡೆಯೊಳಗೇ ಗೂಡು ಮಾಡಿ ಪುಸ್ತಕ ಜೋಡಿಸಿದರೆ ಚೆಂದ, ಜಾಗವೂ ಉಳಿಯುತ್ತದೆ ಅಲ್ವಾ? ಆದರೆ ಆ ಗೋಡೆ ಮೇಲಿನ ಸ್ಲ್ಯಾಬ್ ಹೊತ್ತಿದ್ದರೆ ಸುಮ್ನೆ ಸುತ್ತಿಗೆ ಎತ್ತಬೇಡಿ.

ಪಿಲ್ಲರ್, ಬೀಮ್ ಇರುವ ಮನೆಯಲ್ಲಿ ಇಟ್ಟಿಗೆ ಗೋಡೆ ಸಾಮಾನ್ಯವಾಗಿ ಬರೀ ಮರೆಗೆ ಇರುತ್ತದೆ. ಸ್ಲ್ಯಾಬ್ ನೇರ ಗೋಡೆ ಮೇಲೇ ಕೂತಿದ್ದರೆ, ಇಲ್ಲವೇ ಮಹಡಿಯಲ್ಲೂ ಅದೇ ಸಾಲಿಗೆ ಗೋಡೆ ಎದ್ದಿದ್ದರೆ, ಭಾರದ ಗೋಡೆ ಎಂದೇ ತಿಳಿಯಿರಿ. ಬಡಿದು ಸದ್ದು ಕೇಳಿದರೆ ಇದು ಗೊತ್ತಾಗುವುದಿಲ್ಲ. ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ, ಈ ಖರ್ಚು ಮಾತ್ರ ಉಳಿಸಲು ಹೋಗಬೇಡಿ. ಕಾಂಕ್ರೀಟ್ ಗೋಡೆಯಾದರೆ ಆಸೆ ಬಿಟ್ಟುಬಿಡಿ, ಒಳಗೆ ಕಂಬಿ ಇರುತ್ತದೆ.

4.5 ಇಂಚಿನ ಗೋಡೆಗೂ ಗೂಡು ಬೇಡ. 9 ಇಂಚಿನದಾದರೆ ಸುಮಾರು 4 ಇಂಚು ಒಳಗೆ ಹೋಗಬಹುದು, ಹಿಂದಿನ ಅರ್ಧ ಅಲುಗಾಡದೆ ಉಳಿಯಬೇಕು. ಅಗಲ ಕಡಿಮೆ, ಎತ್ತರ ಜಾಸ್ತಿ ಇರಲಿ. ಗೂಡಿನ ಮೇಲೆ ಸಾಕಷ್ಟು ಗೋಡೆ ಇದ್ದರೆ ಅಲ್ಲಿನ ಇಟ್ಟಿಗೆಗಳು ಕಮಾನಿನಂತೆ ಒಂದನ್ನೊಂದು ಹಿಡಿದು ಭಾರವನ್ನು ಎರಡು ಬದಿಗೂ ದಾಟಿಸುತ್ತವೆ, ಅಗಲ ಹೆಚ್ಚಿದಷ್ಟೂ ಅದು ಕಷ್ಟ. ಅದಕ್ಕೇ ಸೀಲಿಂಗ್‌ಗೆ ತಾಗಿಸಿ ಗೂಡು ಬೇಡ. ಮನೆಯ ಮೂಲೆ, ಕಿಟಕಿಯ ಪಕ್ಕ, ಬೀಮಿನ ತುದಿಯ ಕೆಳಗೂ ಬೇಡ.

ಮೇನ್ ಸ್ವಿಚ್ ಆಫ್ ಮಾಡಿ. ಸ್ವಿಚ್‌ಬೋರ್ಡಿನ ಮೇಲೆ ಕೆಳಗೆ ನೇರ ಗೆರೆಯಲ್ಲಿ ವೈರ್ ಹೋಗಿರುತ್ತದೆ, ನಲ್ಲಿಯ ಪೈಪೂ ಇರಬಹುದು, ಡಿಟೆಕ್ಟರ್ ಹಿಡಿದು ನೋಡಿ. ಇಂಜಿನಿಯರ್ ಹೇಳಿದಲ್ಲಿ ಸ್ಲ್ಯಾಬಿಗೆ ಜಾಕ್ (ಎತ್ತರ ಹೊಂದಿಸುವ ಕಬ್ಬಿಣದ ಆಸರೆ ಕಂಬ) ಕೊಟ್ಟು ನಿಲ್ಲಿಸಿ.

ಈಗ ಮೇಲಿನಿಂದ ಶುರು. ಲಿಂಟಲ್ ಎಂದರೆ ಗೂಡಿನ ಮೇಲಿನ ಭಾರ ಹೊರುವ ಅಡ್ಡ ತೊಲೆ. ಮೊದಲು ಲಿಂಟಲ್‌ಗೆ ಬೇಕಾದಷ್ಟೇ ಸೀಳು ತೆಗೆಯಿರಿ, ಗೂಡಿನ ಎರಡೂ ಬದಿಗೆ ಕನಿಷ್ಠ 6 ಇಂಚು ದಾಟುವ ಹಾಗೆ. ರೆಡಿ ಲಿಂಟಲ್ ಸಿಕ್ಕರೆ ಒಳ್ಳೆಯದು, ಅಲ್ಲೇ ಎರಕ ಹೊಯ್ದರೆ ಪೂರ್ತಿ ಬಲ ಬರಲು 28 ದಿನ ಬೇಕು. ಗಾರೆ ಹಾಸಿ, ಮಟ್ಟಗೋಲು ಇಟ್ಟು ಕೂರಿಸಿ.

ಆಮೇಲಿನ ಕೆಲಸವನ್ನು ಜನ ತುಂಬಾ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಲಿಂಟಲ್‌ಗೂ ಮೇಲಿನ ಇಟ್ಟಿಗೆಗೂ ನಡುವೆ ಬೆರಳು ತೂರುವಷ್ಟು ಸಂದು ಉಳಿದಿರುತ್ತದೆ. ನೀರು ಜಾಸ್ತಿಯಾದ ಗಾರೆ ಅಲ್ಲಿ ಒಣಗಿ ಕುಗ್ಗುತ್ತದೆ, ಆಗ ಲಿಂಟಲ್ ಇದ್ದೂ ಭಾರ ಹೊರುವುದಿಲ್ಲ. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ನೀರು ಜಿನುಗಬಾರದು, ಅಷ್ಟು ಗಟ್ಟಿಯಾಗಿ ಕಲಸಿ. ಸ್ವಲ್ಪ ಸ್ವಲ್ಪವೇ ತೂರಿಸಿ, ಚಪ್ಪಟೆ ಮರದ ತುಂಡಿನಿಂದ ಜಡಿಯಿರಿ. ಹಿಂದಿನ ತುದಿಯವರೆಗೂ ತುಂಬಬೇಕು.

ಅದು ಗಟ್ಟಿಯಾದ ಮೇಲಷ್ಟೇ ಕೆಳಗಿನ ಇಟ್ಟಿಗೆ ತೆಗೆಯಿರಿ, ಒಂದೊಂದೇ ಸಾಲು. ಕೆಲವು ಇಟ್ಟಿಗೆ ಗೋಡೆಯ ದಪ್ಪಕ್ಕೆ ಅಡ್ಡಲಾಗಿ ಪೂರ್ತಿ ಹಾದಿರುತ್ತವೆ. ಅವನ್ನು ಸುತ್ತಿಗೆಯಲ್ಲಿ ಬಡಿದರೆ ಹಿಂದಿನ ಅರ್ಧವೂ ಸಡಿಲವಾಗುತ್ತದೆ, ಗ್ರೈಂಡರ್‌ನಲ್ಲಿ ಕೊಯ್ದು ಉಳಿಯಿಂದ ಎಬ್ಬಿಸಿ. ಕನ್ನಡಕ, ಮಾಸ್ಕ್ ಇಲ್ಲದೆ ಕೊಯ್ಯಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಒಳಗೆ ಪ್ಲಾಸ್ಟರ್ ಮಾಡಿ, ನೀರುಣಿಸಿ, ಹಲಗೆ ಕೂರಿಸಿ. ಪ್ಲಾಸ್ಟರ್ ಮೇಲೆ ಕೂದಲೆಳೆಯಂಥ ಗೆರೆ ಬಂದರೆ ಗಾಬರಿ ಬೇಡ. ಗೂಡಿನ ಮೇಲ್ಮೂಲೆಯಿಂದ ಓರೆಯಾಗಿ ಬಿರುಕು ಹೊರಟರೆ ಅದರ ತುದಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ತಾರೀಕು ಬರೆಯಿರಿ. ಗುರುತು ದಾಟಿತೋ, ಅದೇ ದಿನ ಜಾಕ್ ಕೊಟ್ಟು ಇಂಜಿನಿಯರ್‌ಗೆ ಫೋನ್ ಮಾಡಿ.