ಹಳೆಯ ಮನೆ ಕೊಳ್ಳುವ ಮುನ್ನ: ನೀರು ಇಳಿದ ದಾರಿಯನ್ನು ಹಿಡಿದು ನೋಡಿ

ಹಳೆಯ ಮನೆ ಕೊಳ್ಳುವವರು ಪತ್ರಗಳನ್ನು ವಕೀಲರಿಗೆ ಒಪ್ಪಿಸಿ ವಾರಗಟ್ಟಲೆ ಕಾಯುತ್ತಾರೆ. ಕಟ್ಟಡವನ್ನು ಮಾತ್ರ ಒಂದು ಸಂಜೆ ಸುತ್ತಿ ನೋಡಿ ಮುಂಗಡ ಕೊಟ್ಟುಬಿಡುತ್ತಾರೆ. ಮನೆಯನ್ನು ಎರಡು ಬಾರಿಯಾದರೂ ನೋಡಬೇಕು, ಅದರಲ್ಲಿ ಒಂದು ಭೇಟಿ ಜೋರು ಮಳೆಯ ಮರುದಿನವಾದರೆ ಬಹಳ ಒಳ್ಳೆಯದು.

ಮೊದಲು ತಾರಸಿಗೆ ಹೋಗಿ. ನೀರು ನಿಂತು ಒಣಗಿದ ಕಲೆಗಳು, ಪ್ಯಾರಾಪೆಟ್ ಗೋಡೆ ನೆಲಕ್ಕೆ ಸೇರುವಲ್ಲಿನ ಸೀಳುಗಳು ಎಲ್ಲಿವೆಯೆಂದು ಗುರುತಿಸಿಕೊಂಡು, ಕೆಳಗಿಳಿದು ಅದೇ ಜಾಗದ ಸೂರನ್ನು ಟಾರ್ಚ್ ಹಿಡಿದು ಪರೀಕ್ಷಿಸಿ. ಕೋಣೆಯಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಕಾರಣ ಕೇಳಲೇಬೇಕು. ಸೂರಿನಲ್ಲಿ ಕಂದು ಕಲೆಯೊಂದಿಗೆ ಗಾರೆ ಉಬ್ಬಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿರಬಹುದು. ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನೇ ಸೀಳಿ ಹೊರದಬ್ಬುತ್ತದೆ, ಇದು ಬಣ್ಣದಿಂದ ಮುಚ್ಚಿಹೋಗುವ ದೋಷವಲ್ಲ. ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಪುಡಿ ಕಂಡರೆ ಗೋಡೆ ನೆಲದ ತೇವವನ್ನು ಹೀರುತ್ತಿರುವ ಸಾಧ್ಯತೆಯಿದೆ.

ಮಹಡಿಯ ಬಚ್ಚಲುಮನೆಯ ನೀರು ಹೊರಹೋಗುವ ಕಿಂಡಿಯನ್ನು ಮುಚ್ಚಿ, ಎರಡು ಅಂಗುಲ ನೀರು ನಿಲ್ಲಿಸಿ, 24 ಗಂಟೆಗಳ ಬಳಿಕ ಕೆಳಗಿನ ಸೂರನ್ನು ನೋಡಲು ಮಾಲೀಕರ ಒಪ್ಪಿಗೆ ಕೇಳಿ. ಸಂಪಿನ ಒಳಹರಿವನ್ನೂ ಮೋಟರನ್ನೂ ರಾತ್ರಿ ನಿಲ್ಲಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಸಂಪು ಸೋರುತ್ತಿದೆ, ಆ ನೀರು ಪಾಯದ ಕಡೆಗೆ ಹೋಗುತ್ತಿರಬಹುದು.

ಗಿಲಾವಿನ ಕೂದಲೆಳೆಯಂಥ ಬಿರುಕುಗಳು ಸಾಮಾನ್ಯ. ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಏರುವ, ಒಂದು ತುದಿಯಲ್ಲಿ ಅಗಲವಾಗಿರುವ ಬಿರುಕು ಮಾತ್ರ ಪಾಯ ಒಂದು ಕಡೆ ಕುಸಿದಿರುವುದನ್ನು ಸೂಚಿಸಬಹುದು. ಧಾರವಾಡ, ಗದಗ, ವಿಜಯಪುರ ಭಾಗದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಅಲ್ಲಿನ ಮನೆಗಳಲ್ಲಿ ಇದನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಟ್ಟರೆ, ಅದು ಬೆಳೆಯುತ್ತಿದೆಯೇ ಎಂಬುದು ಮುಂದಿನ ಭೇಟಿಯಲ್ಲಿ ತಿಳಿಯುತ್ತದೆ.

ಮರದ ಚೌಕಟ್ಟುಗಳ ಬುಡವನ್ನು ಬೆರಳಿನಿಂದ ಬಡಿದು ನೋಡಿ. ಟೊಳ್ಳು ಸದ್ದು ಬಂದರೆ ಗೆದ್ದಲು ತಿಂದಿರಬಹುದು. ವೈರಿಂಗ್ ಮತ್ತು ಅರ್ಥಿಂಗ್ ಪರೀಕ್ಷೆಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಕಂಡ ದೋಷಗಳ ಫೋಟೊ ತೆಗೆದು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ಸ್ಥಳವನ್ನೂ ತೋರಿಸಿ, ದುರಸ್ತಿಯ ಅಂದಾಜನ್ನು ಬರಹದಲ್ಲಿ ಪಡೆಯಿರಿ. ಕರಾರು ಪತ್ರಕ್ಕೆ ಸಹಿ ಬೀಳುವ ಮೊದಲೇ ಆ ಅಂದಾಜನ್ನು ಮಾಲೀಕರ ಮುಂದಿಟ್ಟು ಬೆಲೆ ಮಾತಾಡಿ.