ಬೆಳಿಗ್ಗೆ ಸೆಲ್ಫ್ ಎತ್ತದ ಹಳೆ ಗಾಡಿ: ಹೊಸ ಬ್ಯಾಟರಿ ತರುವ ಮೊದಲು ಇಷ್ಟು ನೋಡಿ

ತೊಗರಿ ಸುಗ್ಗಿ ಬಂತೆಂದರೆ ಕಲಬುರಗಿಯ ದಾಲ್ ಮಿಲ್‌ಗಳ ಮುಂದೆ ಹಳೆ ಗಾಡಿಗಳ ಸಾಲು. ಬೆಳಿಗ್ಗೆ ಐದಾರು ಜನ ಸೇರಿ ಧಕ್ಕಾ ಕೊಡುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಮಧ್ಯಾಹ್ನ ಹೊಸ ಬ್ಯಾಟರಿ ಬರುತ್ತದೆ, ಕೆಲವೇ ದಿನಕ್ಕೆ ಅದೂ ಕೂರುತ್ತದೆ. ನನ್ನ ಟಾಟಾ 407 ಗಾಡಿಗೂ ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಹಾಕಿಸಿದ್ದೆ. ಕೆಟ್ಟಿದ್ದು ಬ್ಯಾಟರಿ ಚಾರ್ಜ್ ಮಾಡುವ ಡೈನಮೋದೊಳಗಿನ ಡಯೋಡ್, ಅಂದರೆ ಕರೆಂಟನ್ನು ಒಂದೇ ಕಡೆ ಬಿಡುವ ಬಿಡಿಭಾಗ.

10 ಆಂಪಿಯರ್ ಅಳೆಯುವ ಮಲ್ಟಿಮೀಟರ್, ಸ್ಪ್ಯಾನರ್, ಉಪ್ಪುಕಾಗದ ಸಾಕು. ಕೆಳಗಿನ ಲೆಕ್ಕ 12 ವೋಲ್ಟ್ ಗಾಡಿಗೆ. ಎರಡು ಬ್ಯಾಟರಿ ಜೋಡಿಸಿದ 24 ವೋಲ್ಟ್ ಗಾಡಿಯಾದರೆ ವೋಲ್ಟ್‌ಗಳನ್ನು ದುಪ್ಪಟ್ಟು ಮಾಡಿಕೊಳ್ಳಿ.

ಮೊದಲು ಫ್ಯಾನ್ ಬೆಲ್ಟ್ ಸಡಿಲವಿದ್ದರೆ ಬಿಗಿ ಮಾಡಿ. ಬ್ಯಾಟರಿ ನೀರು ನೋಡಿ. ನಮ್ಮ ಬಿಸಿಲಿಗೆ ಏಪ್ರಿಲ್-ಮೇನಲ್ಲಿ ಅದು ಬೇಗ ಇಳಿಯುತ್ತದೆ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಬೇಡಿ. ಬೋರ್ ನೀರಿನ ಬಿಳಿ ಉಪ್ಪು ಕೊಡದ ಅಂಚಿಗೆ ಹೇಗೆ ಕಟ್ಟುತ್ತದೆ ನೋಡಿದ್ದೀರಿ ಅಲ್ವಾ? ಅದೇ ಉಪ್ಪು ಒಳಗಿನ ಪ್ಲೇಟುಗಳನ್ನು ಹಾಳು ಮಾಡುತ್ತದೆ. ಆಸಿಡ್ ಸುರಿಯುವುದೂ ತಪ್ಪು.

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12.2 ಅಂದರೆ ಸುಮಾರು ಅರ್ಧ.

ಇನ್ನು ಇಂಜಿನ್ ಶುರು ಮಾಡಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಅಳೆಯಿರಿ. 13.8ರಿಂದ 14.4 ಬರಬೇಕು. 15 ದಾಟಿದರೆ ವೋಲ್ಟ್ ಹಿಡಿತದಲ್ಲಿಡುವ ಕಟೌಟ್ (ರೆಗ್ಯುಲೇಟರ್) ಹೋಗಿದೆ, ಬ್ಯಾಟರಿ ಕುದಿಯುತ್ತದೆ. 13ಕ್ಕಿಂತ ಕಡಿಮೆ ಇದ್ದರೆ ಡೈನಮೋದ ದಪ್ಪ ವೈರಿನ ಬೋಲ್ಟಿನಲ್ಲೂ ಅಳೆಯಿರಿ. ಅಲ್ಲಿ 14 ಇದ್ದು ಬ್ಯಾಟರಿಯಲ್ಲಿ ಇಲ್ಲದಿದ್ದರೆ ಡೈನಮೋ ಸರಿ ಇದೆ, ನಡುವಿನ ಕರೆಂಟಿನ ದಾರಿ ಕೆಟ್ಟಿದೆ. ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು "ಡೈನಮೋ ಸರಿ ಇದೆಯಾ" ಎಂದು ನೋಡುವ ರೂಢಿ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ವೋಲ್ಟ್ ಒಮ್ಮೆಲೇ ಜಿಗಿದು ಒಳ್ಳೆಯ ಡಯೋಡೂ ಸುಡುತ್ತದೆ.

ದಾರಿ ಕೆಡುವುದು ಹೆಚ್ಚಾಗಿ ಅರ್ತ್ ಪಟ್ಟಿಯಲ್ಲಿ, ಅಂದರೆ ಬ್ಯಾಟರಿಯ ನೆಗೆಟಿವ್‌ನಿಂದ ಗಾಡಿಯ ಕಬ್ಬಿಣಕ್ಕೆ ಹೋಗುವ ಪಟ್ಟಿಯಲ್ಲಿ. ಒಂದು ಪ್ರೋಬ್ ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್‌ನ ಬರಿ ಕಬ್ಬಿಣಕ್ಕೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಿದರೆ ಪಟ್ಟಿ ಬಿಚ್ಚಿ. ಬೋಲ್ಟಿನ ಕೆಳಗೆ ಹಸಿರು ಪುಡಿ, ಅದರಡಿ ಹಳೆ ಬಣ್ಣ ಸಿಗುತ್ತದೆ. ಕಬ್ಬಿಣ ಹೊಳೆಯುವ ತನಕ ತಿಕ್ಕಿ, ಬಿಗಿದು, ಮೇಲೆ ವ್ಯಾಸಲಿನ್ ಹಚ್ಚಿ. ತೆಳು ತಗಡಿನ ಅಗ್ಗದ ಟರ್ಮಿನಲ್ ಕ್ಲಿಪ್ ಬೇಡವೇ ಬೇಡ. ಸೀಸದ್ದೇ ತನ್ನಿ.

ಚಾರ್ಜಿಂಗ್ ಸರಿ ಇದ್ದೂ ರಾತ್ರಿ ಕಳೆಯುವುದರಲ್ಲಿ ಬ್ಯಾಟರಿ ಕೂರುತ್ತದೆಯೇ? ಎಲ್ಲರೂ ಎಡವುವುದು ಇಲ್ಲಿ.

ಕೀ ತೆಗೆಯಿರಿ. ಕ್ಯಾಬಿನ್ ಬಲ್ಬ್ ಬಿಚ್ಚಿ, ಇಲ್ಲದಿದ್ದರೆ ತೆರೆದ ಬಾಗಿಲಿನ ಲೈಟೇ ಲೆಕ್ಕಕ್ಕೆ ಬರುತ್ತದೆ. ನೆಗೆಟಿವ್ ವೈರ್ ಬಿಚ್ಚಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಮುಳ್ಳನ್ನೂ ಅಲ್ಲಿಗೇ ತಿರುಗಿಸಿ. ಒಂದು ಪ್ರೋಬ್ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಬಿಚ್ಚಿದ ವೈರಿನ ತುದಿಗೆ. ಈಗ ಗಾಡಿ ಸುಮ್ನೆ ನಿಂತಾಗ ಕುಡಿಯುವ ಕರೆಂಟೆಲ್ಲ ಮೀಟರ್ ಮೂಲಕವೇ ಹರಿಯುತ್ತದೆ. ಈ ಹೊತ್ತಿನಲ್ಲಿ ಯಾರೂ ಕೀ ತಿರುಗಿಸಬಾರದು. ಸೆಲ್ಫ್ ಒಮ್ಮೆ ಹೊಡೆದರೂ ಮೀಟರಿನ ಫ್ಯೂಸ್ ಹೋಗುತ್ತದೆ, ಅಗ್ಗದ ಮೀಟರಾದರೆ ಮೀಟರೇ ಸುಡುತ್ತದೆ.

ಹಳೆ ಗಾಡಿಯಲ್ಲಿ 0.03 ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ, ಅದು ಟೇಪಿನ ಗಡಿಯಾರದ್ದು. 0.50 ಇದ್ದರೆ? ದಿನಕ್ಕೆ 12 ಆಂಪಿಯರ್-ಅವರ್ ಖಾಲಿ. 80 ಆಂಪಿಯರ್-ಅವರ್ ಬ್ಯಾಟರಿ ಮೂರೂವರೆ ದಿನದೊಳಗೇ ಅರ್ಧಕ್ಕೆ ಬರುತ್ತದೆ.

ಒಂದೊಂದೇ ಫ್ಯೂಸ್ ಕಿತ್ತು ಮೀಟರ್ ನೋಡಿ. ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಆ ಲೈನಿನಲ್ಲಿ ಕಳ್ಳ ಇದ್ದಾನೆ. ಯಾವುದಕ್ಕೂ ಬೀಳದಿದ್ದರೆ ಫ್ಯೂಸ್ ದಾಟಿ ನೇರ ಬ್ಯಾಟರಿಗೆ ಎಳೆದ ವೈರ್ ಹುಡುಕಿ: ಬಣ್ಣದ ಲೈಟ್ ಪಟ್ಟಿ, ಹಾರ್ನ್, ಮೊಬೈಲ್ ಚಾರ್ಜರ್. ಅವನ್ನೂ ಬಿಚ್ಚಿದ ಮೇಲೂ ಅಂಕಿ ಅಲುಗದಿದ್ದರೆ ಡೈನಮೋ ಮೇಲೆ ಅನುಮಾನ ಪಡಿ. ಮೀಟರ್ ತೆಗೆದು, ಡೈನಮೋದ ದಪ್ಪ ವೈರ್ ಬಿಚ್ಚಿ, ತುದಿಗೆ ಟ್ಯೂಬ್ ರಬ್ಬರ್ ಸುತ್ತಿ, ಮತ್ತೆ ಅಳೆಯಿರಿ. ಅಂಕಿ ಸೊನ್ನೆಗೆ ಬಂದರೆ ಡಯೋಡ್ ಸೋರುತ್ತಿದೆ. ನನ್ನ ಗಾಡಿಯಲ್ಲಿ ಆಗಿದ್ದೂ ಇದೇ. ಬೆಳಿಗ್ಗೆ ಮುಟ್ಟಿದರೆ, ರಾತ್ರಿಯಿಡೀ ನಿಂತಿದ್ದ ಡೈನಮೋ ಉಗುರು ಬೆಚ್ಚಗಿತ್ತು.

ಡಯೋಡ್ ಪ್ಲೇಟ್ ಮಾತ್ರ ಬದಲಿಸಿಕೊಡುವ ವೈಂಡಿಂಗ್ ಅಂಗಡಿಗೇ ಹೋಗಿ. ಎಲ್ಲ ಜೋಡಿಸುವಾಗ ನೆಗೆಟಿವ್ ಕೊನೆಗೆ. ಮೀಟರಿನ ಕೆಂಪು ವೈರನ್ನು ಆಗಲೇ ವೋಲ್ಟ್ ತೂತಿಗೆ ವಾಪಸ್ ಹಾಕಿಡಿ. ಆಂಪಿಯರ್ ತೂತಿನಲ್ಲೇ ಬಿಟ್ಟು ನಾಳೆ ವೋಲ್ಟ್ ಅಳೆಯಲು ಹೋದರೆ ನೇರ ಶಾರ್ಟ್ ಆಗುತ್ತದೆ.