ಪರವಾನಗಿಯ ಕಡತ ಹಿಡಿದು ಅಕ್ರೆಡಿಟೇಶನ್‌ಗೆ ಹೋಗಿ ಸೋತದ್ದು, ಆಮೇಲೆ ಗೆದ್ದದ್ದು

ನಮ್ಮ 42 ಹಾಸಿಗೆಯ ಆಸ್ಪತ್ರೆಗೆ ಎನ್‌ಎಬಿಎಚ್‌ನ (ಆಸ್ಪತ್ರೆಗಳ ಗುಣಮಟ್ಟ ನೋಡಿ ಅಕ್ರೆಡಿಟೇಶನ್ ಕೊಡುವ ಮಂಡಳಿ) ಪ್ರವೇಶ ಹಂತದ ಪ್ರಮಾಣಪತ್ರ ಬಂದ ವಾರದಲ್ಲಿ, "ನಮ್ಮಂಥ ಊರಿನ ನರ್ಸಿಂಗ್ ಹೋಮ್‌ಗಳಿಗೆ ಇದೆಲ್ಲ ಆಗದ ಮಾತು" ಎಂದು ಎರಡು ವರ್ಷ ಹೇಳಿಕೊಂಡು ಬಂದಿದ್ದವರಲ್ಲೇ ಮೂವರು ಫೋನ್ ಮಾಡಿ, ಯಾವ ಸಲಹೆಗಾರರನ್ನು ಹಿಡಿದಿರಿ ಎಂದು ಕೇಳಿದರು. ಎರಡನೆಯ ಸಲ ಯಾರನ್ನೂ ಹಿಡಿದಿರಲಿಲ್ಲ ಎಂದರೆ ಮೂವರೂ ನಂಬಲಿಲ್ಲ. ಆದ್ದರಿಂದ ನಡೆದದ್ದನ್ನು ಬರೆದಿಡುತ್ತಿದ್ದೇನೆ. ಕೆಪಿಎಂಇ (ಖಾಸಗಿ ಆಸ್ಪತ್ರೆಗಳಿಗೆ ರಾಜ್ಯದ ನೋಂದಣಿ), ಬಯೋಮೆಡಿಕಲ್ ತ್ಯಾಜ್ಯದ ಅನುಮತಿ, ಸ್ಕ್ಯಾನಿಂಗ್ ಯಂತ್ರಕ್ಕೆ ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯ ನೋಂದಣಿ, ಎಕ್ಸ್‌ರೇಗೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಅನುಮತಿ, ಔಷಧ ಅಂಗಡಿಯ ಲೈಸೆನ್ಸ್ ಇವುಗಳ ಬಾಲಪಾಠ ಹೇಳಲು ಇಲ್ಲಿ ಹೊರಟಿಲ್ಲ.

ಹದಿನೇಳು ವರ್ಷಗಳಿಂದ ಆಸ್ಪತ್ರೆಯ ಆಡಳಿತ ನೋಡಿಕೊಳ್ಳುತ್ತಿರುವ ನನಗೆ ಪರವಾನಗಿಗಳ ವಿಷಯದಲ್ಲಿ ಸ್ವಲ್ಪ ಜಂಬವೇ ಇತ್ತು. ಯಾವ ನವೀಕರಣ ಯಾವ ತಿಂಗಳು ಬರುತ್ತದೆ, ಯಾವ ಅರ್ಜಿಗೆ ಯಾವ ಅಡಕ ಬೇಕು ಎಂಬುದು ಬಾಯಿಪಾಠವಾಗಿತ್ತು. ಆ ಜಂಬವೇ ನಮ್ಮನ್ನು ಕೆಡಿಸಿತು. ಅಕ್ರೆಡಿಟೇಶನ್ ಎಂಬುದನ್ನು ಕನ್ನಡದಲ್ಲಿ "ಮಾನ್ಯತೆ" ಎಂದು ಹೇಳುತ್ತೇವೆ. ಶಾಲೆಗೆ ಸರ್ಕಾರದ ಮಾನ್ಯತೆ ಎನ್ನುವಾಗಲೂ ಅದೇ ಪದ. ಹಾಗಾಗಿ ನಮ್ಮ ಹಿರಿಯ ವೈದ್ಯರು, ಅಂದರೆ ಆಸ್ಪತ್ರೆಯ ಮಾಲೀಕರು, ಇದನ್ನು ಇನ್ನೊಂದು ಸರ್ಕಾರಿ ಪರವಾನಗಿ ಎಂದೇ ತಿಳಿದರು, ನಾನೂ ಹಾಗೆಯೇ ತಿಳಿದೆ. ಅದು ತಪ್ಪೆಂದು ಗೊತ್ತಾದಂದಿನಿಂದ ಈ ವಿಷಯದಲ್ಲಿ "ಮಾನ್ಯತೆ" ಎನ್ನುವುದನ್ನು ಬಿಟ್ಟು ಅಕ್ರೆಡಿಟೇಶನ್ ಎಂದೇ ಹೇಳುತ್ತಿದ್ದೇನೆ.

ಮೊದಲ ಪ್ರಯತ್ನಕ್ಕೆ ದೊಡ್ಡ ನಗರದಿಂದ ಒಬ್ಬ ಸಲಹೆಗಾರರನ್ನು ಕರೆಸಿದೆವು. ನೆನಪಿನಿಂದ ಹೇಳುವುದಾದರೆ ಅವರಿಗೆ ಕೊಟ್ಟದ್ದು ಸುಮಾರು ಮೂರೂವರೆ ಲಕ್ಷ ರೂಪಾಯಿ. ಅವರು ಹನ್ನೊಂದು ದಪ್ಪ ಫೈಲುಗಳನ್ನು ಮಾಡಿಕೊಟ್ಟರು. ಪ್ರತಿ ಪುಟದ ಮೇಲೂ ನಮ್ಮ ಆಸ್ಪತ್ರೆಯ ಹೆಸರು, ಲಾಂಛನ ಎಲ್ಲವೂ ಇದ್ದವು. ಆರನೆಯ ಫೈಲಿನಲ್ಲಿ ಮೂತ್ರಪಿಂಡ ಕಸಿ ಘಟಕದ ಸೋಂಕು ನಿಯಂತ್ರಣ ಕ್ರಮವೂ ಇತ್ತು. ನಮ್ಮಲ್ಲಿರುವುದು ಒಂದು ಹೆರಿಗೆ ಕೋಣೆ, ಎರಡು ಓಟಿ (ಶಸ್ತ್ರಚಿಕಿತ್ಸಾ ಕೊಠಡಿ). ಆ ಪುಟವನ್ನು ನಾನು ನೋಡಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಪರವಾನಗಿಯ ಅರ್ಜಿಯಲ್ಲಿ ಅಡಕಗಳ ಸಂಖ್ಯೆ ಸರಿಯಾಗಿದ್ದರೆ ಸಾಕೆಂಬ ಅಭ್ಯಾಸ ನನ್ನದು.

ಮೌಲ್ಯಮಾಪನಕ್ಕೆ ಬಂದವರು ಅಧಿಕಾರಿಗಳಲ್ಲ. ಒಬ್ಬರು ಬೇರೊಂದು ಆಸ್ಪತ್ರೆಯ ವೈದ್ಯರು, ಇನ್ನೊಬ್ಬರು ನರ್ಸಿಂಗ್ ಕ್ಷೇತ್ರದವರು. ಫೈಲುಗಳನ್ನು ಜೋಡಿಸಿಟ್ಟಿದ್ದ ಕೊಠಡಿಯಲ್ಲಿ ಅವರು ಕೂತದ್ದು ಅರ್ಧ ಗಂಟೆಯೂ ಇರಲಿಕ್ಕಿಲ್ಲ. ಆಮೇಲೆ ಒಬ್ಬರು ನೇರವಾಗಿ ಒಂದನೆಯ ಮಹಡಿಯ ನರ್ಸಿಂಗ್ ಸ್ಟೇಷನ್‌ಗೆ ಹೋಗಿ, ಲಸಿಕೆ ಮತ್ತು ಇನ್ಸುಲಿನ್ ಇಡುವ ಫ್ರಿಜ್‌ನ ತಾಪಮಾನದ ರಿಜಿಸ್ಟರ್ ಕೇಳಿದರು. ಬೆಳಿಗ್ಗೆ 4 ಡಿಗ್ರಿ, ಮಧ್ಯಾಹ್ನ 4 ಡಿಗ್ರಿ, ರಾತ್ರಿ 4 ಡಿಗ್ರಿ. ಒಂದೇ ಪೆನ್ನು, ಒಂದೇ ಕೈಬರಹ. ಅವರು ಪುಟ ತಿರುಗಿಸಿದರು. ನಾವು ನಿಂತಿದ್ದದ್ದು ಗುರುವಾರ, ರಿಜಿಸ್ಟರ್‌ನಲ್ಲಿ ಭಾನುವಾರದವರೆಗೆ 4 ಡಿಗ್ರಿ ತುಂಬಿತ್ತು. ಅವರು ಬೈಯಲಿಲ್ಲ, ಜೋರಾಗಿ ಒಂದು ಮಾತೂ ಆಡಲಿಲ್ಲ. ಫೋಟೋ ತೆಗೆದುಕೊಂಡು ಮುಂದಕ್ಕೆ ನಡೆದರು.

ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಹೊರಬಿತ್ತು. ಕೆಪಿಎಂಇ ನೋಂದಣಿಯಲ್ಲಿ ನಮ್ಮ ಹಾಸಿಗೆಗಳು 30, ತ್ಯಾಜ್ಯದ ಅನುಮತಿಯಲ್ಲಿ 36, ವಾರ್ಡುಗಳಲ್ಲಿ ಎಣಿಸಿದರೆ 42. ವರ್ಷ ಕಳೆದಂತೆ ಮಂಚ ಸೇರಿಸುತ್ತಾ ಹೋದವರು ನಾವೇ, ತಿಳಿಸದೆ ಉಳಿದವರೂ ನಾವೇ. ಪರವಾನಗಿಯೆಂದರೆ ಅಂಗೈ ಗೆರೆಯಷ್ಟು ಪರಿಚಯ ಎಂದುಕೊಂಡಿದ್ದ ನನಗೆ ಇದು ಅತ್ಯಂತ ನಾಚಿಕೆಯ ಗಳಿಗೆ. ಶಾಸನಬದ್ಧ ಪತ್ರಗಳು ಸರಿಯಾಗಿವೆಯೇ ಎಂಬುದು ಅಕ್ರೆಡಿಟೇಶನ್‌ನ ಮಾನದಂಡಗಳಲ್ಲೇ ಒಂದು. ಪರವಾನಗಿ ಹೊಸ್ತಿಲು, ಅದನ್ನು ದಾಟದೆ ಒಳಮನೆಗೆ ಪ್ರವೇಶವಿಲ್ಲ. ಒಟ್ಟು ಎನ್‌ಸಿಗಳು, ಅಂದರೆ ಮಾನದಂಡಕ್ಕೆ ಹೊಂದದ ಲೋಪಗಳು, ನಲವತ್ತರ ಮೇಲಿದ್ದವು. ಕೊಟ್ಟ ಗಡುವಿನಲ್ಲಿ ಎಲ್ಲವನ್ನೂ ಸರಿಪಡಿಸಲು ನಮ್ಮಿಂದಾಗದೆ ಆ ಅರ್ಜಿ ಅಲ್ಲಿಗೇ ಮುಗಿಯಿತು, ಕಟ್ಟಿದ ಶುಲ್ಕವೂ ಅದರ ಜೊತೆಗೇ ಹೋಯಿತು.

ಹಿರಿಯ ವೈದ್ಯರು ಆ ರಾತ್ರಿ, "ಏನ್ರೀ ಇದು, ಬಾಗಿಲು ಹಾಕಿಸಿಬಿಡ್ತಾರಾ?" ಎಂದು ಕೇಳಿದರು. ವ್ಯತ್ಯಾಸ ನನಗೆ ನಿಚ್ಚಳವಾದದ್ದು ಆ ಪ್ರಶ್ನೆಗೆ ಉತ್ತರ ಹುಡುಕುವಾಗಲೇ. 1976ರ ನರ್ಸಿಂಗ್ ಹೋಮ್ ಕಾಯ್ದೆಯ ಜಾಗದಲ್ಲಿ ಬಂದ 2007ರ ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಕೊಡುವ ನೋಂದಣಿ ಇಲ್ಲದೆ ಆಸ್ಪತ್ರೆ ನಡೆಸುವುದು ಅಪರಾಧ. ಗರ್ಭಿಣಿಯರ ಸ್ಕ್ಯಾನಿಂಗ್‌ನ ದಾಖಲೆಯಾದ ಫಾರ್ಮ್ ಎಫ್ ಸರಿಯಾಗಿ ತುಂಬದಿದ್ದರೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಅವು ಸರ್ಕಾರ ನಮ್ಮ ಮೇಲೆ ಇಟ್ಟಿರುವ ಕಣ್ಣು. ಬೀಗ, ದಂಡ, ಜೈಲು ಎಲ್ಲವೂ ಅವುಗಳ ಹಿಂದಿವೆ. ಎನ್‌ಎಬಿಎಚ್ ಎಂಬುದು 1997ರಲ್ಲಿ ಆರಂಭವಾದ ಭಾರತೀಯ ಗುಣಮಟ್ಟ ಪರಿಷತ್ತಿನ ಒಂದು ಮಂಡಳಿ. ಅದು ನಮ್ಮನ್ನು ಬಾ ಎಂದು ಕರೆದಿರಲಿಲ್ಲ, ನಾವೇ ದುಡ್ಡು ಕಟ್ಟಿ ಕರೆದಿದ್ದೆವು. ಅದು ಹೆಚ್ಚೆಂದರೆ ಪ್ರಮಾಣಪತ್ರ ಕೊಡದೆ ಇರಬಹುದು, ಕೊಟ್ಟದ್ದನ್ನು ಹಿಂಪಡೆಯಬಹುದು. ಬಾಗಿಲಿಗೆ ಬೀಗ ಹಾಕುವ ಅಧಿಕಾರ ಅದಕ್ಕಿಲ್ಲ ಎಂದೆ. ಅವರು ಸಮಾಧಾನಗೊಂಡು, "ಹಾಗಾದರೆ ಬಿಟ್ಟೇಬಿಡೋಣ" ಎಂದರು.

ಬಿಡದಂತೆ ಮಾಡಲು ನಾನು ಹೇಳಿದ್ದು ಹಳೆಯ ಅಮೆರಿಕದ ಕಥೆ. ಅಲ್ಲಿನ ಶಸ್ತ್ರಚಿಕಿತ್ಸಕರ ಸಂಘ ನೂರು ಹಾಸಿಗೆಗಳಿಗೆ ಮೇಲ್ಪಟ್ಟ 692 ಆಸ್ಪತ್ರೆಗಳನ್ನು ಒಂದು ಪುಟದ ಕನಿಷ್ಠ ಮಾನದಂಡಕ್ಕೆ ಹಿಡಿದು ನೋಡಿದಾಗ ಪಾಸಾದದ್ದು 89 ಮಾತ್ರ. ಸೋತವುಗಳಲ್ಲಿ ಹೆಸರುವಾಸಿ ಆಸ್ಪತ್ರೆಗಳೂ ಇದ್ದುದರಿಂದ 1919ರಲ್ಲಿ ಆ ಪಟ್ಟಿಯನ್ನು ನ್ಯೂಯಾರ್ಕಿನ ಹೋಟೆಲೊಂದರ ಕುಲುಮೆಯಲ್ಲಿ ಸುಟ್ಟುಹಾಕಿದರು. ಹಿರಿಯ ವೈದ್ಯರು ಬಿದ್ದು ಬಿದ್ದು ನಕ್ಕು, ಇನ್ನೊಂದು ಸಲಕ್ಕೆ ಒಪ್ಪಿದರು; ಆದರೆ ಸಲಹೆಗಾರರಿಗೆ ಇನ್ನು ಒಂದು ಪೈಸೆಯೂ ಇಲ್ಲ ಎಂದರು.

ಎರಡನೆಯ ಸಲ ಮೊದಲು ಮಾಡಿದ ಕೆಲಸವೆಂದರೆ ಹನ್ನೊಂದು ಫೈಲುಗಳನ್ನು ಗೋದಾಮಿಗೆ ಹಾಕಿಸಿದ್ದು. ಹಾಸಿಗೆಗಳ ಸಂಖ್ಯೆಯನ್ನು ಎಲ್ಲ ಪತ್ರಗಳಲ್ಲೂ ಒಂದೇ ಮಾಡಿಸಲು ಸುಮಾರು ಏಳು ತಿಂಗಳು ಹಿಡಿಯಿತು. ರ‍್ಯಾಂಪ್, ಶೌಚಾಲಯದ ಹಿಡಿಕೆ, ಬೆಂಕಿ ನಂದಿಸುವ ವ್ಯವಸ್ಥೆ, ಉಪಕರಣಗಳ ಕ್ರಿಮಿಶುದ್ಧಿಯ ಆಟೋಕ್ಲೇವ್ ಕೋಣೆಯ ಸ್ಥಳಾಂತರ ಎಲ್ಲ ಸೇರಿ ಹನ್ನೊಂದು ಲಕ್ಷದ ಆಸುಪಾಸು ಖರ್ಚಾಯಿತು. ಬಿಪಿ ಯಂತ್ರದಿಂದ ಹಿಡಿದು ಅರಿವಳಿಕೆ ಯಂತ್ರದವರೆಗೆ ಕ್ಯಾಲಿಬ್ರೇಶನ್‌ಗೆ (ಯಂತ್ರದ ಅಳತೆ ಸರಿಯಿದೆಯೇ ಎಂಬ ಪರೀಕ್ಷೆ) ವರ್ಷಕ್ಕೆ ಅರವತ್ತೆಪ್ಪತ್ತು ಸಾವಿರ ಈಗಲೂ ಹೋಗುತ್ತಿದೆ. ಆಮೇಲೆ ಎನ್‌ಎಬಿಎಚ್ ಮಾನದಂಡಗಳಲ್ಲಿ 150ರ ಆಸುಪಾಸು ಇರುವ ಅಂಶಗಳಲ್ಲಿ ಪ್ರತಿಯೊಂದನ್ನೂ ತೆಗೆದುಕೊಂಡು, ಇದನ್ನು ನಮ್ಮಲ್ಲಿ ಯಾರು, ಯಾವ ಹೊತ್ತಿಗೆ, ಯಾವ ಜಾಗದಲ್ಲಿ ಮಾಡುತ್ತಾರೆ ಎಂದು ಸಿಸ್ಟರ್‌ಗಳನ್ನೇ ಕೇಳಿದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಸಿದೆ. ಮಾಡದೆ ಇರುವುದನ್ನು ಬರೆಯಲಿಲ್ಲ. ಮೊದಲು ಮೂರು ತಿಂಗಳು ಮಾಡಿ, ಆಮೇಲೆ ಬರೆದೆವು. ನಮ್ಮ ಕೈಪಿಡಿ ಈಗ ತೊಂಬತ್ತು ಪುಟವೂ ಇಲ್ಲ.

ಫ್ರಿಜ್‌ನ ರಿಜಿಸ್ಟರ್‌ಗೆ ಒಂದು ಸಣ್ಣ ಉಪಾಯ ಮಾಡಿದೆ, ಅದು ಇಷ್ಟೇ: 2ರಿಂದ 8 ಡಿಗ್ರಿಯ ಆಚೆಗಿನ ಅಂಕಿ ಬರೆದ ಸಿಸ್ಟರ್‌ಗೆ ಬೈಗುಳವಿಲ್ಲ, ಎಲ್ಲ ದಿನವೂ 4 ಎಂದು ಬರೆದವರಿಗೆ ಮಾತ್ರ ಪ್ರಶ್ನೆ. ಎರಡನೆಯ ವಾರದಲ್ಲೇ ರಿಜಿಸ್ಟರ್‌ನಲ್ಲಿ "9.5, ಕರೆಂಟ್ ಇರಲಿಲ್ಲ, ಐಸ್ ಪೆಟ್ಟಿಗೆಗೆ ಬದಲಾಯಿಸಿದೆ, ರಾತ್ರಿ 1.20" ಎಂಬ ಸಾಲು ಕಾಣಿಸಿತು. ಆ ಫ್ರಿಜ್‌ಗೆ ಜನರೇಟರ್‌ನ ಲೈನೇ ಕೊಟ್ಟಿರಲಿಲ್ಲ ಎಂಬುದು ಹಾಗೆ ತಿಳಿಯಿತು. ಎಷ್ಟು ವರ್ಷದ ಇನ್ಸುಲಿನ್ ಹಾಗೆ ಬೆಚ್ಚಗಾಗಿತ್ತೋ, ಲೆಕ್ಕ ಹಾಕಲು ಮನಸ್ಸಾಗಲಿಲ್ಲ.

ನಡುವೆ ಒಂದು ಪ್ರಯೋಗ ಮಾಡಿ ಕೈಸುಟ್ಟುಕೊಂಡೆ. ಕೈ ಶುಚಿಗೊಳಿಸುವ ದ್ರಾವಣವನ್ನು ಎಷ್ಟು ಬಳಸುತ್ತಾರೆಂದು ತಿಳಿಯಲು ವಾರಕ್ಕೊಮ್ಮೆ ಬಾಟಲಿಗಳನ್ನು ತೂಗಿಸತೊಡಗಿದೆ. ಒಬ್ಬ ರೋಗಿಗೆ ದಿನಕ್ಕೆ 20 ಮಿಲಿಲೀಟರ್ ಆದರೂ ಖರ್ಚಾಗಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮದು 4 ಕೂಡ ಇರಲಿಲ್ಲ. ಎರಡು ತಿಂಗಳಲ್ಲಿ ಅದು 26ಕ್ಕೆ ಏರಿದಾಗ ಎಲ್ಲರಿಗೂ ಸಿಹಿ ಹಂಚಿದೆ. ಹೆರಿಗೆ ವಾರ್ಡಿನ ರೋಗಿಗಳ ಕಡೆಯವರು ಸಣ್ಣ ಶೀಶೆಗಳಲ್ಲಿ ತುಂಬಿಸಿಕೊಂಡು ಮನೆಗೆ ಒಯ್ಯುತ್ತಿದ್ದಾರೆಂಬುದು ಸಿಹಿ ತಿಂದು ಮುಗಿದ ಮೇಲೆ ಗೊತ್ತಾಯಿತು. ನಿಜವಾದ ಅಂಕಿ ಹನ್ನೆರಡರ ಸುತ್ತ ಇದ್ದಿರಬೇಕು. ತೂಗುವುದನ್ನು ಬಿಟ್ಟಿಲ್ಲ, ಬಾಟಲಿಗಳನ್ನು ಮಾತ್ರ ಗೋಡೆಗೆ ಬಿಗಿಸಿದ್ದೇನೆ.

ರಾತ್ರಿ ಪಾಳಿಯ ಸುತ್ತಿನಲ್ಲಿ ನಾನು ಕೇಳುವ ಹದಿನಾಲ್ಕು ಪ್ರಶ್ನೆಗಳ ಒಂದು ಚೀಟಿಯಿದೆ. ಅದನ್ನು ಇಲ್ಲಿ ಕೊಡುವುದಿಲ್ಲ. ಪ್ರತಿ ಮನೆಯ ಸಾರಿನ ಪುಡಿಗೂ ಒಂದು ಗುಟ್ಟು ಇರುತ್ತದೆ.

ಎರಡನೆಯ ಮೌಲ್ಯಮಾಪನದ ದಿನ ಮೇಡಂ ಒಬ್ಬರು ಕಾರಿಡಾರ್ ಒರೆಸುತ್ತಿದ್ದ ಆಯಾ ಅವರನ್ನು ನಿಲ್ಲಿಸಿ, "ಇಲ್ಲಿ ರಕ್ತ ಚೆಲ್ಲಿದೆ ಅಂದ್ಕೊಳ್ಳಿ, ಏನು ಮಾಡ್ತೀರಮ್ಮ?" ಎಂದರು. ಆಕೆಗೆ ಓದು ಬರುವುದಿಲ್ಲ. ನನ್ನ ಎದೆ ಢವಢವ. ಆಕೆ ಮಾಪನ್ನು ಗೋಡೆಗೆ ಒರಗಿಸಿ, "ಮೊದ್ಲು ಯಾರೂ ತುಳೀದಂಗೆ ಆ ಕುರ್ಚಿ ಅಡ್ಡ ಇಡ್ತೀನಿ ಮೇಡಂ. ಗ್ಲೌಸ್ ಹಾಕ್ಕೊಂಡು ಬಟ್ಟೆ ಮುಚ್ಚಿ ಹೈಪೋ (ಸೋಂಕುನಾಶಕ ದ್ರಾವಣ) ಹುಯ್ತೀನಿ, ಹತ್ತು ನಿಮಿಷ ಕಾಯ್ತೀನಿ, ಆಮೇಲೆ ತೆಗೆದು ಹಳದಿ ಚೀಲಕ್ಕೆ" ಎಂದು ಹೇಳಿ, ಕುರ್ಚಿಯನ್ನು ಎಳೆದು ತೋರಿಸಿಯೇಬಿಟ್ಟರು. ಈ ಸಲ ಎನ್‌ಸಿ ಬಂದದ್ದು ಒಂಬತ್ತು. ಮೂರು ವಾರದಲ್ಲಿ ಮುಗಿಸಿದೆವು. ಕಟ್ಟಡದ ಕೆಲಸ ಬಿಟ್ಟು ಎರಡನೆಯ ಸುತ್ತಿನ ಖರ್ಚು, ಶುಲ್ಕವೂ ಸೇರಿ, ಎರಡು ಲಕ್ಷ ದಾಟಿರಲಿಲ್ಲ.

ಲಾಭವೇನು ಎಂದು ಎಲ್ಲರೂ ಕೇಳುತ್ತಾರೆ. ಬೋರ್ಡಿನ ಮೇಲಿನ ಲಾಂಛನ ನೋಡಿ ಒಳಗೆ ಬಂದ ರೋಗಿ ನನಗಿನ್ನೂ ಸಿಕ್ಕಿಲ್ಲ. ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನ ದರಪಟ್ಟಿಯಲ್ಲಿ ಎನ್‌ಎಬಿಎಚ್ ಇಲ್ಲದವರಿಗೆ ನೂರಕ್ಕೆ 15ರಷ್ಟು ಕಡಿಮೆ. ಅದು ನಮ್ಮ ಊರಿಗೆ ದೊಡ್ಡ ಮೊತ್ತವೇನಲ್ಲ. ಹಣ ಉಳಿದದ್ದು ಬೇರೆ ಕಡೆ. ಕೇಸ್‌ಶೀಟ್‌ಗಳಲ್ಲಿ ಸಮಯ, ಸಹಿ, ಔಷಧದ ಪ್ರಮಾಣ ಎಲ್ಲವೂ ಇರುವುದರಿಂದ ವಿಮೆಯ ಕ್ಲೇಮುಗಳಲ್ಲಿ ನೂರಕ್ಕೆ ಎಂಟೊಂಬತ್ತು ರೂಪಾಯಿ ಕಡಿತವಾಗುತ್ತಿದ್ದದ್ದು ಈಗ ಮೂರರ ಹತ್ತಿರ ಬಂದಿದೆ. ಹನ್ನೊಂದು ಲಕ್ಷದಲ್ಲಿ ಅರ್ಧದಷ್ಟಾದರೂ ಎರಡು ವರ್ಷದಲ್ಲಿ ಹಾಗೆಯೇ ವಾಪಸ್ ಬಂತೆಂದು ನನ್ನ ಲೆಕ್ಕ. ಹಿರಿಯ ವೈದ್ಯರು ಮೂರನೆಯ ಒಂದು ಭಾಗ ಎನ್ನುತ್ತಾರೆ.

ಇನ್ನು ಪ್ರವೇಶ ಹಂತದಿಂದ ಮೇಲಕ್ಕೆ, 50 ಹಾಸಿಗೆಯವರೆಗಿನ ಸಣ್ಣ ಆಸ್ಪತ್ರೆಗಳ ಪೂರ್ಣ ಅಕ್ರೆಡಿಟೇಶನ್‌ಗೆ ಅರ್ಜಿ ಹಾಕುವ ತಯಾರಿ ನಡೆದಿದೆ. ಫೋನ್ ಮಾಡಿದ್ದ ಮೂವರೂ ನಮ್ಮ ಕೈಪಿಡಿಯ ಪ್ರತಿ ಕೇಳಿದರು. ಕೊಡಲಿಲ್ಲ; ಒಂದು ದಿನ ರಾತ್ರಿ ಎರಡು ಗಂಟೆಗೆ ಬನ್ನಿ, ವಾರ್ಡ್ ಸುತ್ತೋಣ ಎಂದೆ. ಒಬ್ಬರು ಬಂದರು.